ಕ್ಯಾಥೊಲಿಕ್ ಶಾಲೆಗಳ ಪ್ರಬಂಧ ವಾಪಸ್ ಬಂದದ್ದಕ್ಕೆ ಕಾರಣ

ಮಂಗಳೂರಿನ ಕ್ಯಾಥೊಲಿಕ್ ಶಾಲೆಗಳ ಕೊಡುಗೆ ಬಗ್ಗೆ ಬರೆದ ಪ್ರಬಂಧವನ್ನು ಗೈಡ್ ಯಾಕೆ ವಾಪಸ್ ಕೊಟ್ಟರು ಅಂತ ಕೇಳಿದ್ದೀರಿ. ಬಹುಶಃ ನಿಮ್ಮ ಎರಡನೇ ಪ್ಯಾರಾ ಕಾರಣ. ಅದರಲ್ಲಿ ಒಂದು ಪತ್ರಿಕೆ, ಒಂದು ನಿಘಂಟು ಎರಡನ್ನೂ ಕ್ಯಾಥೊಲಿಕರ ಕೊಡುಗೆ ಅಂತ ಬರೆದಿದ್ದೀರಿ. ಆದರೆ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಎರಡೂ ಬಾಸೆಲ್ ಮಿಷನ್‌ನವರ ಕೆಲಸ. ಅವರು ಪ್ರೊಟೆಸ್ಟೆಂಟ್ ಕ್ರೈಸ್ತರು, ಕ್ಯಾಥೊಲಿಕರಲ್ಲ. ನಾನು ತಿದ್ದುವ ಪ್ರಬಂಧಗಳಲ್ಲಿ ಈ ಗೊಂದಲ ಜಾಸ್ತಿ.

ಮೊದಲು ಆ ಪ್ಯಾರಾ ತೆಗೆಯಿರಿ. ಆ ಜಾಗಕ್ಕೆ ಹೆಣ್ಣುಮಕ್ಕಳ ಓದಿನ ವಿಷಯ ತನ್ನಿ. ನಿಜವಾದ ತೂಕ ಇರುವುದು ಅಲ್ಲೇ. ಅಪೊಸ್ತೊಲಿಕ್ ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸಂಸ್ಥೆಯ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದು ಸೇಂಟ್ ಆನ್ಸ್ ಶಾಲೆಯಲ್ಲಿ ಹುಡುಗಿಯರಿಗೆ ಪಾಠ ಶುರು ಮಾಡಿದರು. ಮುಂದೆ ಅಲ್ಲೇ ಟೀಚರ್ ತರಬೇತಿಯೂ ಬಂತು. 1921ರಲ್ಲಿ ಅವರೇ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. ಓದಿದ ಹುಡುಗಿ ತಾನೇ ಟೀಚರ್ ಆಗುವ ದಾರಿ ಊರಲ್ಲೇ ಸಿಕ್ಕಿತು. ಎಷ್ಟು ದೊಡ್ಡ ವಿಷಯ ಅಲ್ವಾ! ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಸೇಂಟ್ ಅಲೋಶಿಯಸ್ ಕಾಲೇಜು 1880ರದು. ಅದಕ್ಕೆ ಒಂದೆರಡು ಸಾಲು ಸಾಕು.

ಆಮೇಲೆ ಒಂದೇ ಒಂದು ಹಳೇ ಶಾಲೆ ಆರಿಸಿಕೊಳ್ಳಿ. ನಿಮ್ಮ ಕಾಲೇಜಿನಿಂದ ಪತ್ರ ತೆಗೆದುಕೊಂಡು ಹೋಗಿ, ಶತಮಾನೋತ್ಸವದ ಸ್ಮರಣ ಸಂಚಿಕೆ ಮತ್ತು ಹಳೇ ದಾಖಲಾತಿ ರಿಜಿಸ್ಟರ್ ಕೇಳಿ. ಅದರಲ್ಲಿ ತಂದೆಯ ಉದ್ಯೋಗದ ಕಾಲಂ ಇದ್ದರೆ ನೋಡಿ. ಬೀಡಿ ಕಟ್ಟುವವರ, ಮೀನುಗಾರರ ಮಕ್ಕಳು ಬಂದಿದ್ದರೇ, ಬರೀ ವಕೀಲರ, ವ್ಯಾಪಾರಿಗಳ ಮಕ್ಕಳೇ ಅನ್ನುವುದು ಗೊತ್ತಾಗುತ್ತದೆ. ಉತ್ತರ ಯಾವುದೇ ಬರಲಿ, ಹಾಗೇ ಬರೆಯಿರಿ. ಸುಮ್ನೆ ಹೊಗಳಿದರೆ ಗೈಡ್ ಮತ್ತೆ ವಾಪಸ್ ಕೊಡುತ್ತಾರೆ. ಎಲ್ಲ ಶಾಲೆಯವರೂ ರಿಜಿಸ್ಟರ್ ತೋರಿಸುತ್ತಾರೆ ಎಂದು ಹೇಳಲಾರೆ. ಕೊಡದಿದ್ದರೆ ಹಳೇ ವಿದ್ಯಾರ್ಥಿನಿಯರನ್ನು ಮಾತಾಡಿಸಿ.

ಪೂರ್ತಿ ಬರೆಯುವ ಮೊದಲು ಹೊಸ ಎರಡನೇ ಪ್ಯಾರಾ ಒಂದನ್ನೇ ಗೈಡ್‌ಗೆ ತೋರಿಸಿ.