ಎಡಿಸನ್‌ಗೆ ಹೆದರಿ ಓಡಿದವರ ಊರೇ ಹಾಲಿವುಡ್?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಎಡಿಸನ್‌ನ ಸಿನಿಮಾ ಯಂತ್ರಗಳ ಪೇಟೆಂಟ್ ಕದ್ದವರು ಅವನ ಕೈಗೆ ಸಿಗಬಾರದು ಅಂತ ಕ್ಯಾಲಿಫೋರ್ನಿಯಾಕ್ಕೆ ಓಡಿದರಂತೆ, ಹಿಡಿಯಲು ಬಂದರೆ ಮೆಕ್ಸಿಕೋ ಗಡಿ ದಾಟುತ್ತಿದ್ದರಂತೆ. ನೀವು ನೋಡಿದರೆ ಸಿನಿಮಾದವರು ಬಿಸಿಲು ಹುಡುಕಿಕೊಂಡು ಅಲ್ಲಿಗೆ ಹೋದರು ಅಂತ ಕಥೆ ಹೇಳುತ್ತೀರಿ. ಯಾವುದು ನಿಜ? ಗುಡ್ಡದ ಮೇಲೆ 'ಹಾಲಿವುಡ್' ಅಂತ ಬರೆದಿರುವ ಆ ದೊಡ್ಡ ಅಕ್ಷರಗಳನ್ನು ಹಾಕಿಸಿದ್ದು ಯಾರು?"

ನಮಸ್ಕಾರ ಸರ್. ಎಡಿಸನ್ ಕಾಟ ಕೊಟ್ಟಿದ್ದು ನಿಜ, ಅದರಲ್ಲಿ ಅನುಮಾನವೇ ಬೇಡ. 1908ರ ಕೊನೆಯಲ್ಲಿ ಅವನ ಕಂಪನಿ, ಬಯೋಗ್ರಾಫ್, ಸೆಲಿಗ್ ಮುಂತಾದ ಸಿನಿಮಾ ಕಂಪನಿಯವರೆಲ್ಲ ಪೇಟೆಂಟ್‌ಗಳನ್ನು ಒಟ್ಟುಗೂಡಿಸಿ ಒಂದು ಕೂಟ ಕಟ್ಟಿದರು. ಜನ ಅದನ್ನು 'ಟ್ರಸ್ಟ್' ಅಂತಲೇ ಕರೆಯುತ್ತಿದ್ದರು. ಪ್ರೊಜೆಕ್ಟರ್ ಓಡಿಸುವ ಥಿಯೇಟರಿನವನು ವಾರಕ್ಕೆ 2 ಡಾಲರ್ ಕಪ್ಪ ಕಟ್ಟಬೇಕು. ಕೊಡಾಕ್ ಕಂಪನಿ ಕಚ್ಚಾ ಫಿಲಂ ಅನ್ನು ಟ್ರಸ್ಟಿನವರಿಗೆ ಮಾತ್ರ ಮಾರಬೇಕು. ಹೊರಗಿನವರ ಕ್ಯಾಮೆರಾದೊಳಗೆ ಯಾರ ಯಂತ್ರ ಇದೆ ಅಂತ ನೋಡಿಕೊಂಡು ಬರಲು ಪತ್ತೇದಾರರು ಬೇರೆ.

ಆದರೆ ಓಡಿಹೋದ ಕಥೆಗೆ ಒಂದು ತೊಡಕಿದೆ. ಹಾಲಿವುಡ್ ಇರುವ ಲಾಸ್ ಏಂಜಲೀಸ್‌ಗೆ ಮೊದಲು ಹೋದವರು ಯಾರು? ಷಿಕಾಗೋದ ಸೆಲಿಗ್ ಕಂಪನಿ. 1910ರ ಜನವರಿಯಲ್ಲಿ ನ್ಯೂಯಾರ್ಕಿನ ಚಳಿ ತಪ್ಪಿಸಿಕೊಳ್ಳಲು ತಂಡ ಕಟ್ಟಿಕೊಂಡು ಹೋದ ನಿರ್ದೇಶಕ ಗ್ರಿಫಿತ್? ಅವನು ಬಯೋಗ್ರಾಫ್‌ನವನು. ಇಬ್ಬರೂ ಟ್ರಸ್ಟಿನ ಒಳಗಿನವರೇ, ಅವರು ಯಾರಿಗೆ ಹೆದರಬೇಕಿತ್ತು? ಇನ್ನು ಮೆಕ್ಸಿಕೋ ಗಡಿ ಅಲ್ಲಿಂದ ಸುಮಾರು 200 ಕಿ.ಮೀ. ದೂರ. ಆ ಕಾಲದ ರಸ್ತೆಯಲ್ಲಿ ಕ್ಯಾಮೆರಾ ಹೇರಿಕೊಂಡು ಆಗಾಗ ಹೋಗಿ ಬರುವ ಮಾತೇ ಅಲ್ಲ. ಪೇಟೆಂಟ್ ಕೇಸು ನಡೆಸುವ ಫೆಡರಲ್ ಕೋರ್ಟು ಲಾಸ್ ಏಂಜಲೀಸ್‌ನಲ್ಲೂ ಇತ್ತಲ್ಲ!

ಬಿಸಿಲಿನ ಕಥೆ ಸುಮ್ನೆ ಕಟ್ಟಿದ್ದಲ್ಲ. ಆಗಿನ ಫಿಲಂಗೆ ಬೆಳಕು ಎಷ್ಟಿದ್ದರೂ ಸಾಲದು. ಹಾಗಾಗಿ ಸೆಟ್‌ಗೆ ಚಾವಣಿಯೇ ಇರುತ್ತಿರಲಿಲ್ಲ. ಮರದ ಅಟ್ಟಣೆ, ಅದರ ಮೇಲೆ ಬೈಠಕ್‌ಖಾನೆಯೋ ಮಲಗುವ ಕೋಣೆಯೋ, ತಲೆ ಮೇಲೆ ಬಿಸಿಲು ಕಣ್ಣಿಗೆ ಹೊಡೆಯದಂತೆ ಎಳೆದ ತೆಳು ಬಿಳಿ ಬಟ್ಟೆ. ಗಾಳಿ ಬೀಸಿದರೆ 'ಮನೆಯೊಳಗಿನ' ಪರದೆ, ಮೇಜಿನ ಮೇಲಿನ ಕಾಗದ ಎಲ್ಲ ಹಾರಾಡುತ್ತಿದ್ದವು. ವರ್ಷಪೂರ್ತಿ ಬಿಸಿಲು, ಒಂದೇ ದಿನದ ಓಡಾಟದಲ್ಲಿ ಸಮುದ್ರ, ಬೆಟ್ಟ, ಮರುಭೂಮಿ ಸಿಗುವ ಊರು ಯಾರಿಗೆ ಬೇಡ?

ಆದರೂ ಅವರು ಅಲ್ಲೇ ತಳವೂರಲು ಕೂಲಿ ಲೆಕ್ಕವೂ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಲಾಸ್ ಏಂಜಲೀಸ್‌ನ ಉದ್ಯಮಿಗಳು ಕಾರ್ಮಿಕ ಸಂಘಗಳನ್ನು ತಲೆ ಎತ್ತಲು ಬಿಟ್ಟಿರಲಿಲ್ಲ. ಬಡಗಿ, ಪೇಂಟರ್, ದರ್ಜಿ ಎಲ್ಲರೂ ನ್ಯೂಯಾರ್ಕ್‌ಗಿಂತ ಕಡಿಮೆಗೆ ಸಿಗುತ್ತಿದ್ದರು, ಜಾಗವೂ ಅಗ್ಗ. ಸ್ಟುಡಿಯೋ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವವರು ಈ ಮಾತು ಎತ್ತುವುದು ಕಡಿಮೆ, ಅಲ್ವಾ? ದುಡ್ಡಿನ ಕೀಲಿಕೈ ಮಾತ್ರ ಬಹುಕಾಲ ನ್ಯೂಯಾರ್ಕಿನ ಆಫೀಸುಗಳಲ್ಲೇ ಇತ್ತು.

ಎಡಿಸನ್ ಜೊತೆ ನಿಜವಾಗಿ ಗುದ್ದಾಡಿದವರು ಓಡಲಿಲ್ಲ, ಕೋರ್ಟಿಗೆ ಹೋದರು. ಬಟ್ಟೆ ಅಂಗಡಿಯ ಮ್ಯಾನೇಜರ್ ಆಗಿದ್ದು ಆಮೇಲೆ ಸಿನಿಮಾ ನಿರ್ಮಾಪಕನಾದ ಕಾರ್ಲ್ ಲೆಮ್ಲಿ ಅವರಲ್ಲೊಬ್ಬ, ಥಿಯೇಟರ್ ಮಾಲೀಕ ವಿಲಿಯಂ ಫಾಕ್ಸ್ ಇನ್ನೊಬ್ಬ. 1911ರಲ್ಲೇ ಕೊಡಾಕ್ ಹೊರಗಿನವರಿಗೂ ಫಿಲಂ ಮಾರಲು ಶುರು ಮಾಡಿತು. ಹಾಲಿವುಡ್‌ನಲ್ಲಿ ಮೊದಲ ಸ್ಟುಡಿಯೋ ತೆರೆದದ್ದೂ ಅದೇ ವರ್ಷ, ನೆಸ್ಟರ್ ಕಂಪನಿಯವರು ಬಾಡಿಗೆಗೆ ಹಿಡಿದ ಒಂದು ಹಳೇ ಹೆಂಡದಂಗಡಿಯಲ್ಲಿ. 1915ರಲ್ಲಿ ಲೆಮ್ಲಿ ಯೂನಿವರ್ಸಲ್ ಸಿಟಿ ಎಂಬ ದೊಡ್ಡ ಸ್ಟುಡಿಯೋ ತೆರೆದ, ಅದೇ ವರ್ಷ ಕೋರ್ಟು ಟ್ರಸ್ಟ್ ಕಾನೂನುಬಾಹಿರ ಎಂದಿತು.

ಆ ದೊಡ್ಡ ಅಕ್ಷರಗಳಿಗೂ ಸಿನಿಮಾಕ್ಕೂ ಮೊದಲು ಸಂಬಂಧವೇ ಇರಲಿಲ್ಲ. ಅದು 1923ರಲ್ಲಿ ಸೈಟು ಮಾರುವವರು ನಿಲ್ಲಿಸಿದ ಜಾಹೀರಾತು. ಆಗ 'ಹಾಲಿವುಡ್‌ಲ್ಯಾಂಡ್' ಅಂತಿತ್ತು. 1949ರಲ್ಲಿ ರಿಪೇರಿ ಮಾಡುವಾಗ 'ಲ್ಯಾಂಡ್' ತೆಗೆದರು.

— ಸಂಪಾದಕ