ಹಳೆ ಚೈನ್‌ಸಾ ರೇಸ್ ಇಳಿಯುತ್ತಿಲ್ಲ, ಸ್ಕ್ರೂ ಇನ್ನೂ ಎಷ್ಟು ಬಿಚ್ಚಲಿ?

ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಮಷಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ.

20 ವರ್ಷ ಮೂಲೆಯಲ್ಲಿದ್ದ ಅಪ್ಪನ ಚೈನ್‌ಸಾ, ಕಾರ್ಬುರೇಟರ್‌ಗೆ ಹೊಸ ಕಿಟ್ ಹಾಕಿದ ಮೇಲೆ ಸ್ಟಾರ್ಟ್ ಆಯಿತು, ಆದರೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಬೇಗ ಇಳಿಯುವುದಿಲ್ಲ, ಎಲ್ ಸ್ಕ್ರೂ (ಕಡಿಮೆ ರೇಸ್‌ನಲ್ಲಿ ಕಾರ್ಬುರೇಟರ್ ಕೊಡುವ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಸ್ಕ್ರೂ, ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿ) ಎರಡೂವರೆ ಸುತ್ತು ಬಿಚ್ಚಿದ ಮೇಲೆ ಸ್ವಲ್ಪ ಸುಮ್ಮನಾಗಿದೆ, ಇನ್ನೂ ಬಿಚ್ಚಲಾ, ಆಮೇಲೆ ಯಾವ ಪೇಂಟ್ ಹೊಡೆಯಲಿ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ಆ ಎರಡೂವರೆ ಸುತ್ತು ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನು ಎರಡೂಕಾಲಿಗೇ ನಿಲ್ಲಿಸಿದ್ದೆ. ಅದಕ್ಕೇ ಒಂದು ಸಿಲಿಂಡರ್ ಹೋಯಿತು.

ನನ್ನದು ಸೋದರಮಾವನ ಮಷಿನ್. 70 ಸಿಸಿಗಿಂತ ದೊಡ್ಡದು, ಅರ್ಧ ಗಂಟೆ ಹಿಡಿದರೆ ಸೊಂಟ ಹಿಡಿಯುವಷ್ಟು ಭಾರ, ಪಾಯಿಂಟ್ ಇಗ್ನಿಷನ್ (ಎರಡು ಲೋಹದ ತುದಿ ತಾಗಿ ಬಿಟ್ಟು ಸ್ಪಾರ್ಕ್ ಕೊಡುವ ಹಳೆ ಪದ್ಧತಿ), ಚೈನ್ ಬ್ರೇಕ್ ಇಲ್ಲ, ಅದನ್ನು ಮಾಡಿದ ಕಂಪನಿಯೂ ಈಗ ಇಲ್ಲ. ಮಾವ ಅದರಲ್ಲೇ ಎಷ್ಟೋ ವರ್ಷ ದುಡಿದಿದ್ದರು. ಹಗುರದ ಹೊಸ ಮಷಿನ್ ಬಂದ ಮೇಲೆ ಇದು ಗೋಣಿಚೀಲ ಹೊದ್ದು ಮಲಗಿತ್ತು. "ಬೇಕಿದ್ರೆ ತಗೊಂಡು ಹೋಗೋ, ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ" ಅಂದರು. ಮನೆಗೆ ತಗೊಂಡು ಬಂದೆ.

ಶುರುವಿನ ಕೆಲಸ ಎಲ್ಲಾ ಸರಿಯಾಗೇ ಮಾಡಿದೆ, ಈಗಲೂ ಹಾಗೇ ಮಾಡುತ್ತೇನೆ. ಫ್ಯಾನ್ ಕವರ್ ತೆಗೆದರೆ ಮರದ ಪುಡಿ ಮತ್ತು ಆಯಿಲ್ ಸೇರಿ ತಾರಿನ ಹಾಗೆ ಗಟ್ಟಿಯಾಗಿತ್ತು. ಅದನ್ನೆಲ್ಲ ಕೆರೆದು ತೆಗೆದೆ. ಫ್ಲೈವ್ಹೀಲ್ ಬಿಚ್ಚಿ ಪಾಯಿಂಟ್‌ಗಳ ನಡುವೆ ಒರಟು ಕಾಗದ ಎಳೆದು, ಗ್ಯಾಪ್ 0.4 ಮಿಲಿಮೀಟರ್ ಇಟ್ಟೆ, ಸ್ಪಾರ್ಕ್ ಬಂತು. ಪೆಟ್ರೋಲ್ ಪೈಪು ಮುಟ್ಟಿದರೆ ಪುಡಿ ಪುಡಿ. ಕಾರ್ಬುರೇಟರ್ ಟಿಲಟ್‌ಸನ್ ಕಂಪನಿಯದು, ಮೈಮೇಲೆ ನಂಬರ್ ಒತ್ತಿರುತ್ತದೆ, ಆ ನಂಬರ್‌ಗೆ ಕಿಟ್ ಇನ್ನೂ ಸಿಗುತ್ತದೆ. (ಹಳೆ ಕಾರ್ಬುರೇಟರ್ ಬಿಸಾಡಿ ಹೊಸ ನಕಲಿ ಹಾಕಿ ಎನ್ನುವವರ ಮಾತು ಕೇಳಬೇಡಿ. ಒಳಗಿನ ರಬ್ಬರ್ ಹಾಳೆ ಸೆಟೆದುಕೊಂಡಿರುತ್ತದೆ ಅಷ್ಟೇ, ಲೋಹಕ್ಕೆ ಹೆಚ್ಚಾಗಿ ಏನೂ ಆಗಿರುವುದಿಲ್ಲ.) ಒಂಬತ್ತನೇ ಸಲ ಹಗ್ಗ ಎಳೆದಾಗ ಸ್ಟಾರ್ಟ್ ಆಯಿತು. ಅಕ್ಕಪಕ್ಕದವರೆಲ್ಲ ಹೊಗೆಗೆ ಬೈದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೂ ಓದಿ.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ನೇರವಾಗಿ ಪಿಸ್ಟನ್ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಇರುವ ಡಬ್ಬಿಗೆ ಬರುತ್ತದೆ. ಪಿಸ್ಟನ್ ಮೇಲೆ ಹೋದಾಗ ಆ ಡಬ್ಬಿ ಉಸಿರು ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಉಸಿರು ಬಿಡುತ್ತದೆ. ಡಬ್ಬಿಯ ಎರಡೂ ಬದಿಯಿಂದ ಕ್ರ್ಯಾಂಕ್ ಹೊರಗೆ ಬರಬೇಕಲ್ಲ, ಒಂದು ಕಡೆ ಫ್ಲೈವ್ಹೀಲ್, ಇನ್ನೊಂದು ಕಡೆ ಕ್ಲಚ್. ಆ ಎರಡು ಜಾಗದಲ್ಲಿ ಒಂದೊಂದು ಆಯಿಲ್ ಸೀಲ್ ಇರುತ್ತದೆ. ಉಂಗುರದಂಥ ರಬ್ಬರ್, ಒಳಗೆ ತೆಳ್ಳಗಿನ ತುಟಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಆ ತುಟಿ ಗಟ್ಟಿಯಾಗುತ್ತದೆ. ಗಟ್ಟಿಯಾದ ತುಟಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿ ಕಾರ್ಬುರೇಟರ್ ದಾಟಿ ಬಂದದ್ದಲ್ಲ, ಹಾಗಾಗಿ ಅದರ ಪಾಲಿನ ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲ್ ಬರಲಿಲ್ಲ ಎಂದರೆ ಅದರಲ್ಲಿ ಬೆರೆಸಿದ ಆಯಿಲ್ ಕೂಡ ಬರಲಿಲ್ಲ. ಬಿಸಿ ಏರುತ್ತದೆ, ಜಾರಲು ಎಣ್ಣೆ ಇಲ್ಲ.

ಇದೆಲ್ಲ ನನಗೆ ಗೊತ್ತಿತ್ತು! ಗೊತ್ತಿದ್ದೇ ಪ್ರೆಶರ್ ಟೆಸ್ಟ್ ಮಾಡಿದ್ದೆ. ಸೈಲೆನ್ಸರ್ ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬೋಲ್ಟ್ ಬಿಗಿದೆ, ಕಾರ್ಬುರೇಟರ್ ಜಾಗಕ್ಕೆ ತೂತಿನ ತಗಡು ಕೂರಿಸಿದೆ, ಕೈಪಂಪಿನಿಂದ 0.5 ಬಾರ್ ಗಾಳಿ ತುಂಬಿದೆ. ಐದು ನಿಮಿಷ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಸೋಪಿನ ನೀರು ಹಚ್ಚಿದರೂ ಒಂದು ಗುಳ್ಳೆ ಇಲ್ಲ. ಸೀಲ್ ಗಟ್ಟಿಮುಟ್ಟಾಗಿದೆ ಎಂದುಕೊಂಡೆ.

ನಾನು ಗಾಳಿ ತುಂಬಿ ಮಾತ್ರ ನೋಡಿದ್ದೆ. ಎಳೆದು ನೋಡಲಿಲ್ಲ. ನನ್ನ ಪಂಪು ತುಂಬುತ್ತಿತ್ತು, ಎಳೆಯುತ್ತಿರಲಿಲ್ಲ. ಬೇರೆ ಪಂಪು ತರಬೇಕಿತ್ತು. ತುಂಬಿದ ಗಾಳಿ ಹೊರಗೆ ಹೋಗಲಿಲ್ಲ ಎಂದಮೇಲೆ ಹೊರಗಿನ ಗಾಳಿ ಹೇಗೆ ಒಳಗೆ ಬರುತ್ತೆ ಅಂತ ಲೆಕ್ಕ ಹಾಕಿದೆ. ಬಾಟಲಿಗೆ ಆ ಲೆಕ್ಕ ಸರಿ, ಸೀಲಿಗೆ ಸರಿಯಲ್ಲ. ಸೀಲಿನ ತುಟಿ ಒಳಮುಖವಾಗಿ ಇರುತ್ತದೆ. ಒಳಗೆ ಒತ್ತಡ ಹಾಕಿದರೆ ಅದು ತುಟಿಯನ್ನು ಶಾಫ್ಟ್ ಮೇಲೆ ಇನ್ನೂ ಬಿಗಿಯಾಗಿ ಅದುಮುತ್ತದೆ, ಒಳಗಿನಿಂದ ದಬ್ಬಿದಷ್ಟೂ ಗಟ್ಟಿಯಾಗಿ ಮುಚ್ಚಿಕೊಳ್ಳುವ ಬಾಗಿಲಿನ ಹಾಗೆ. ಅದೇ ಒಳಗೆ ಎಳೆದರೆ ತುಟಿ ಶಾಫ್ಟ್ ಬಿಟ್ಟು ಏಳುತ್ತದೆ. ಎಳೆ ರಬ್ಬರ್ ಆಗಿದ್ದರೆ ತನ್ನ ಬಿಗಿಯಲ್ಲೇ ಕೂತಿರುತ್ತಿತ್ತು, ಗಟ್ಟಿಯಾದ ರಬ್ಬರ್‌ಗೆ ಆ ಬಿಗಿ ಎಲ್ಲಿ? ಹಾಗಾಗಿ ಸತ್ತ ಸೀಲ್ ಕೂಡ ಪ್ರೆಶರ್ ಟೆಸ್ಟ್‌ನಲ್ಲಿ ಪಾಸಾಗಬಹುದು. ನನ್ನದು ಆಯಿತು. ಒಂದು ಪಂಪು ತರುವ ಸೋಮಾರಿತನ, ಅಷ್ಟೇ.

ಮಷಿನ್ ಅದನ್ನು ಹೇಳಿತ್ತು ಕೂಡ. ನಿಮ್ಮದು ಈಗ ಹೇಳುತ್ತಿರುವ ಹಾಗೇ. ಆಕ್ಸಿಲರೇಟರ್ ಬಿಟ್ಟರೆ ರೇಸ್ ಕೂಡಲೇ ಇಳಿಯುತ್ತಿರಲಿಲ್ಲ, ಎರಡು ಮೂರು ಸೆಕೆಂಡು ಮೇಲೇ ನೇತಾಡಿಕೊಂಡಿದ್ದು ಆಮೇಲೆ ಇಳಿಯುತ್ತಿತ್ತು. ಮಷಿನ್ ಬಲಕ್ಕೆ ವಾಲಿಸಿದರೆ ಒಂದು ಸದ್ದು, ಎಡಕ್ಕೆ ವಾಲಿಸಿದರೆ ಇನ್ನೊಂದು. ನಾನು ಎಲ್ ಸ್ಕ್ರೂ ಬಿಚ್ಚಿದೆ. ಸುಮ್ಮನಾಯಿತು. ಟ್ಯೂನಿಂಗ್ ಕಲಿತೆ ಎಂದು ಬೀಗಿದೆ. ಈ ಥರದ ಹೆಚ್ಚಿನ ಕಾರ್ಬುರೇಟರ್‌ಗಳಲ್ಲಿ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ ಸುಮಾರು ಒಂದು ಸುತ್ತು ಬಿಚ್ಚಿದರೆ ಮಷಿನ್ ಓಡಬೇಕು, ಅಲ್ಲಿಂದ ಆಚೆ ಈಚೆ ಕಾಲು ಸುತ್ತಿನ ಆಟ. ಎರಡು ದಾಟಿದರೂ ಕೇಳುತ್ತಿದೆ ಎಂದರೆ ಎಲ್ಲೋ ಕಳ್ಳಗಾಳಿ ಒಳಗೆ ಬರುತ್ತಿದೆ, ನೀವು ಪೆಟ್ರೋಲ್ ಸುರಿದು ಅದನ್ನು ಮುಚ್ಚಿಡುತ್ತಿದ್ದೀರಿ. ನಿಂತಲ್ಲೇ ಓಡುವಾಗ ಮುಚ್ಚುತ್ತದೆ. ಫುಲ್ ರೇಸ್ ಕೊಟ್ಟಾಗ ಎಷ್ಟು ಸೋರುತ್ತದೆ, ಬಿಸಿಯಾದ ಮೇಲೆ ಎಷ್ಟು, ಯಾರಿಗೆ ಗೊತ್ತು? ಸೋರಿಕೆ ಒಂದೇ ಸಮ ಇರುವುದಿಲ್ಲ, ಸ್ಕ್ರೂ ಮಾತ್ರ ನೀವು ಬಿಟ್ಟಲ್ಲೇ ಇರುತ್ತದೆ.

ಎರಡು ಟ್ಯಾಂಕ್ ಚೆನ್ನಾಗಿ ಓಡಿತು. ಮೂರನೆಯದರಲ್ಲಿ ದಪ್ಪ ದಿಮ್ಮಿ. ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಪೂರ್ತಿ ಮರದೊಳಗೆ, ಫುಲ್ ರೇಸ್. ಇದ್ದಕ್ಕಿದ್ದ ಹಾಗೆ ಸದ್ದು ತೆಳ್ಳಗಾಗಿ ಮೇಲೇರಿತು, ಕೀರಲು ದನಿ. ಶಕ್ತಿ ಬಂತು ಎಂದು ಖುಷಿಪಟ್ಟೆ, ಎಂಥಾ ಪೆದ್ದ. ಫುಲ್ ರೇಸ್‌ನಲ್ಲಿ ಮರ ಇಲ್ಲದಾಗ ಸ್ವಲ್ಪ ಗೊರಗೊರ ಎನ್ನಬೇಕು, ಮರಕ್ಕೆ ಬಾರ್ ಇಳಿದಾಗ ಆ ಗೊರಗೊರ ಹೋಗಬೇಕು. ಕೊಯ್ಯುತ್ತಿರುವಾಗಲೇ ದನಿ ಮೇಲಕ್ಕೆ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು. ಹತ್ತು ಸೆಕೆಂಡು ಇರಬಹುದು. ಆಮೇಲೆ ನಿಂತಿತು. ಢಂ ಇಲ್ಲ, ಏನಿಲ್ಲ, ಯಾರೋ ಒಳಗಿನಿಂದ ಕೈ ಹಾಕಿ ಹಿಡಿದ ಹಾಗೆ ನಿಂತಿತು. ಹಗ್ಗ ಎಳೆದರೆ ಬರಲಿಲ್ಲ.

ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟೆ. ಪಿಸ್ಟನ್ ಮೇಲೆ ಬೆಕ್ಕು ಪರಚಿದ ಹಾಗೆ ಮೇಲಿನಿಂದ ಕೆಳಕ್ಕೆ ಗೆರೆಗಳು. ಪಿಸ್ಟನ್‌ನ ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ಅದು ಒಂದೇ ಆಗಿದ್ದರೆ ಉಳಿಯುತ್ತಿತ್ತು. ಗೋಡೆಯ ಕ್ರೋಮ್ ಲೇಪನ ಚೆನ್ನಾಗಿದ್ದರೆ, ಮೆತ್ತಿದ ಅಲ್ಯೂಮಿನಿಯಂ ಮೇಲೆ ಮಾತ್ರ ಹೈಡ್ರೋಕ್ಲೋರಿಕ್ ಆಸಿಡ್ ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒತ್ತಿ ತೆಗೆಯಬಹುದು. ಕೈಗವಸು, ಕನ್ನಡಕ, ಬಯಲು ಜಾಗ ಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಹಾಗೇ ತೆಗೆದೆ. ಕೆಳಗೆ ನೋಡಿದರೆ ಹೊಗೆ ಹೋಗುವ ದ್ವಾರದ ಅಂಚಿನಲ್ಲಿ ಉಗುರಗಲ ಕ್ರೋಮ್ ಎದ್ದುಹೋಗಿತ್ತು. ಪಿಸ್ಟನ್ ಸಿಕ್ಕಿತು. ಆ ಸಿಲಿಂಡರ್ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಎರಡು ವರ್ಷ ಹುಡುಕಿದೆ.

ಈ ಮಧ್ಯೆ ಮಾವ ಫೋನ್ ಮಾಡಿ "ಹೆಂಗೆ ಕೊಯ್ತದೆ?" ಅಂತ ಕೇಳಿದರು. "ಚೆನ್ನಾಗಿದೆ ಮಾವ" ಅಂದೆ.

ಕೊನೆಗೆ ಅದೇ ಮಾಡೆಲ್, ಮರ ಬಿದ್ದು ಕ್ರ್ಯಾಂಕ್‌ಕೇಸ್ ಒಡೆದದ್ದು, ಒಬ್ಬರ ಬಳಿ ಸಿಕ್ಕಿತು. ಅದರ ಸಿಲಿಂಡರ್ ಚೆನ್ನಾಗಿತ್ತು. ಈ ಸಲ ಮೊದಲು ಎರಡೂ ಸೀಲ್ ಬದಲಾಯಿಸಿದೆ. ಕಂಪನಿ ಇಲ್ಲದಿದ್ದರೂ ಸೀಲ್ ಸಿಗುತ್ತದೆ ಎಂಬುದು ನನಗೆ ಆಗ ಗೊತ್ತಾದದ್ದು. ಶಾಫ್ಟ್‌ನ ದಪ್ಪ, ಸೀಲ್ ಕೂರುವ ತೂತಿನ ಅಗಲ, ಸೀಲಿನ ದಪ್ಪ, ಈ ಮೂರು ಅಳತೆ ಮಿಲಿಮೀಟರ್‌ನಲ್ಲಿ ಇದ್ದರೆ ಸಾಕು. ಕ್ಲಚ್ ಬಿಚ್ಚುವಾಗ ಮಾತ್ರ ನೋಡಿಕೊಳ್ಳಿ, ಎಷ್ಟೋ ಮಷಿನ್‌ಗಳಲ್ಲಿ ಅದರ ಮರೆ (ಥ್ರೆಡ್) ಉಲ್ಟಾ, ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಕ್ರ್ಯಾಂಕ್ ತಿರುಗದಂತೆ ಪ್ಲಗ್ ತೂತಿನಲ್ಲಿ ಮೆತ್ತನೆಯ ಹಗ್ಗ ತುಂಬಿ, ಪಿಸ್ಟನ್ ಹೊಗೆ ದ್ವಾರ ದಾಟಿ ಮೇಲೆ ಬಂದ ಮೇಲೆ ತುಂಬಿ, ಇಲ್ಲದಿದ್ದರೆ ಹಗ್ಗ ದ್ವಾರಕ್ಕೆ ಸಿಕ್ಕಿಕೊಳ್ಳುತ್ತದೆ. ಹಳೆ ಸೀಲ್ ಕೀಳುವಾಗ ಶಾಫ್ಟ್ ಮೇಲೆ ಗೀರು ಬೀಳಬಾರದು. ಗೀರು ಬಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ.

ಆಮೇಲೆ ಬ್ರೇಕ್ ಆಯಿಲ್ ಎಳೆಯಲು ಮೆಕ್ಯಾನಿಕ್‌ಗಳು ಇಟ್ಟುಕೊಂಡಿರುವ ಕೈಪಂಪು ತಂದೆ. 0.5 ಬಾರ್ ಎಳೆದು, ಕ್ರ್ಯಾಂಕ್ ನಿಧಾನ ತಿರುಗಿಸುತ್ತಾ ಮುಳ್ಳು ನೋಡಿದೆ. ನಿಂತಿತ್ತು. ಎಲ್ ಸ್ಕ್ರೂ ಒಂದು ಸುತ್ತು ಮತ್ತು ಚೂರು, ಆಕ್ಸಿಲರೇಟರ್ ಬಿಟ್ಟ ಕೂಡಲೇ ರೇಸ್ ಕಲ್ಲು ಬಿದ್ದ ಹಾಗೆ ಕೆಳಗೆ. ಮಾವ ಬಂದು ಎರಡೇ ಎಳೆತಕ್ಕೆ ಸ್ಟಾರ್ಟ್ ಮಾಡಿ, ಒಂದು ದಿಮ್ಮಿ ಕೊಯ್ದು, ಆಫ್ ಮಾಡಿ, "ಚೈನ್ ಮೊಂಡಾಗಿದೆ" ಅಂದರು. ಅಷ್ಟೇ! ಅವರು ಹೇಳಿದ್ದು ನಿಜವೇ. 1947ರಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವ ಮನುಷ್ಯ, ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಕಡಿಯುತ್ತಾ ಮರ ಕೊರೆಯುವುದನ್ನು ನೋಡಿ ಮಾಡಿದ ಹಲ್ಲು, ಇವತ್ತಿನ ಚೈನ್‌ಗಳಲ್ಲೂ ಹೆಚ್ಚುಕಡಿಮೆ ಅದೇ. ಅದನ್ನು ಅರ ಹಾಕಿ ಹರಿತ ಇಡದಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದು ಏನು, ಒತ್ತಿ ಒತ್ತಿ ಕೊಯ್ದು ಅದನ್ನೇ ಬಿಸಿ ಮಾಡುತ್ತೀರಿ.

ನೀವು ಇನ್ನೊಂದು ಮಾತು ಬರೆದಿದ್ದೀರಿ, ಭಯಕ್ಕೆ ಆಯಿಲ್ ಜಾಸ್ತಿ ಹಾಕುತ್ತಿದ್ದೇನೆ ಅಂತ. ನಾನೂ ಹಾಕಿದ್ದೆ. ಅದರಿಂದ ಸೋರಿಕೆ ಸರಿಹೋಗುವುದಿಲ್ಲ. ಕಾರ್ಬುರೇಟರ್‌ನ ತೂತಿನಲ್ಲಿ ಹೋಗುವುದು ಅಷ್ಟೇ, ಅದರಲ್ಲಿ ಆಯಿಲ್ ಪಾಲು ಹೆಚ್ಚಾದರೆ ಪೆಟ್ರೋಲ್ ಪಾಲು ಕಡಿಮೆ. ಹಳೆ ಮಷಿನ್‌ಗೆ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಲೀಟರ್‌ಗೆ 40 ಮಿಲಿ, ಅಂದರೆ 25ಕ್ಕೆ 1, ನಾನು ಹಾಕುವುದು ಅದು. ಹೊಸ ಮಷಿನ್‌ಗಳಿಗೆ ಹೇಳುವ 50ಕ್ಕೆ 1 ಇದಕ್ಕೆ ಹಾಕಲು ನನಗೆ ಧೈರ್ಯ ಇಲ್ಲ.

ಇನ್ನು ಪೇಂಟ್. ಆ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಅಪ್ಪನ ಕೈ ಸವೆಸಿದ ಬಣ್ಣ ಅದು, ನೀವು ಯಾಕೆ ಕೆರೆಯುತ್ತೀರಿ? ಕೆರೆಯುವುದೂ ಅಪಾಯವೇ. ಹಳೆ ಮಷಿನ್‌ಗಳ ಮೈ ಹೆಚ್ಚಾಗಿ ಮೆಗ್ನೀಸಿಯಂ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಜೋರಾಗುತ್ತದೆ. ತುಕ್ಕು ಬಿಡಲಿ ಅಂತ ವಿನೆಗರ್‌ನಲ್ಲಿ ಮುಳುಗಿಸಿದರೆ ನೊರೆ ಬಿಟ್ಟು ಕರಗುತ್ತದೆ. ಕಬ್ಬಿಣದ ನಟ್ಟು ಬೋಲ್ಟಿಗೆ ವಿನೆಗರ್ ಆದೀತು, ಮೈಗೆ ಬೇಡ. ಪೇಂಟಿಗೆ ಹಾಕುವ ದುಡ್ಡಿನಲ್ಲಿ ಕಾಲಿಗೆ ಹಾಕುವ ರಕ್ಷಣೆಯ ಪ್ಯಾಂಟ್ ತೆಗೆದುಕೊಳ್ಳಿ. ಚೈನ್ ಬ್ರೇಕ್ ಬಳಕೆಗೆ ಬಂದದ್ದೇ 1970ರ ದಶಕದಲ್ಲಿ, ನಿಮ್ಮದರಲ್ಲಿ ಇಲ್ಲದಿದ್ದರೆ ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಾಗಿ ಹಿಂದಕ್ಕೆ ಒದ್ದಾಗ ಚೈನ್ ನಿಲ್ಲಿಸಲು ಏನೂ ಇಲ್ಲ.

ಈಗ ಸೈಲೆನ್ಸರ್‌ನ ಬೋಲ್ಟ್ ಬಿಚ್ಚಿ ಒಳಗೆ ನೋಡಿ. ಐದು ನಿಮಿಷದ ಕೆಲಸ. ಪಿಸ್ಟನ್‌ನ ಪಕ್ಕ ನಯವಾಗಿದ್ದರೆ ನೀವು ನನಗಿಂತ ಬೇಗ ಕೇಳಿದ್ದೀರಿ, ಸೀಲ್ ತರಿಸಿ. ಗೆರೆ ಬಿದ್ದಿದ್ದರೆ ಫೋಟೋ ಹಾಕಿ, ಪಿಸ್ಟನ್‌ನದು ಮತ್ತು ಒಳಗಿನ ಗೋಡೆಯದು ಎರಡೂ, ಟಾರ್ಚ್ ಬೆಳಕಲ್ಲಿ. ಹಗ್ಗ ಮಾತ್ರ ಎಳೆಯಬೇಡಿ.