ಮೈಲೇಜ್ 20 ಅಂದಿದ್ದರು, 11 ಬರ್ತಿದೆ. ಗಾಡಿ ಕೆಟ್ಟಿದೆಯಾ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ 1.2 ಲೀಟರ್ ಪೆಟ್ರೋಲ್ ಇಂಜಿನ್ನಿನ ಸಣ್ಣ ಕಾರು ತಗೊಂಡೆ, ಐದು ವರ್ಷದ ಸಾಲದಲ್ಲಿ. ಬ್ರೋಷರ್‌ನಲ್ಲಿ ಲೀಟರಿಗೆ 20 ಕಿ.ಮೀ. ಅಂತ ಇದೆ. ದಿನಾ ಬೆಂಗಳೂರಿನ ಬನಶಂಕರಿಯಿಂದ ಮಾರತಹಳ್ಳಿಗೆ ಹೋಗಿ ಬರುತ್ತೇನೆ, ಒಟ್ಟು 36 ಕಿ.ಮೀ., ಎರಡೂವರೆ ಗಂಟೆ. ಪ್ರತಿ ಸಲ ಸಾವಿರ ರೂಪಾಯಿಗೆ ಹಾಕಿಸಿ ಲೆಕ್ಕ ಹಾಕಿದರೆ 11 ಬರುತ್ತಿದೆ. ಫಸ್ಟ್ ಸರ್ವಿಸ್ ಆದ ಮೇಲೆ ಸರಿ ಹೋಗುತ್ತದೆ ಅಂದರು, ಏನೂ ಬದಲಾಗಲಿಲ್ಲ. ಹಾಸನದಲ್ಲಿರುವ ಮಾವನವರ ಹಳೇ ಡೀಸೆಲ್ ಕಾರು 18 ಕೊಡುತ್ತದಂತೆ, ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು. ಗಾಡಿ ವಾಪಸ್ ಕೊಡಬಹುದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. 36 ಕಿ.ಮೀ.ಗೆ ಎರಡೂವರೆ ಗಂಟೆ ಅಂದರೆ ಗಂಟೆಗೆ 14 ಕಿ.ಮೀ. ಚೆನ್ನಾಗಿ ಸೈಕಲ್ ತುಳಿಯುವವನು ನಿಮ್ಮನ್ನು ದಾಟಿ ಹೋಗುತ್ತಾನೆ.

ಆ 20 ಎಲ್ಲಿಂದ ಬಂತು ನೋಡಿ. ಪುಣೆಯ ಎ.ಆರ್.ಎ.ಐ. ಥರದ ವಾಹನ ಪರೀಕ್ಷಾ ಕೇಂದ್ರಗಳಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಸುಮಾರು 20 ನಿಮಿಷದ ಪರೀಕ್ಷೆ, ಸರಾಸರಿ ವೇಗ 32 ಕಿ.ಮೀ. ಆಸುಪಾಸು, ಹೆಚ್ಚೆಂದರೆ 90. ಎ.ಸಿ. ಆಫ್. ಸಿಲ್ಕ್ ಬೋರ್ಡ್ ಜಾಮ್ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಅದು ಸುಳ್ಳು ಲೆಕ್ಕವಲ್ಲ, ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಇಟ್ಟಿರುವ ಲೆಕ್ಕ. ಶೋರೂಮಿನವರು ಅದನ್ನು ನಿಮ್ಮ ರಸ್ತೆಯಲ್ಲಿ ಸಿಗುವ ಮೈಲೇಜ್ ಅನ್ನೋ ಹಾಗೆ ಹೇಳಿದ್ದು ತಪ್ಪು. ಸರ್ವಿಸ್ ಆದ ಮೇಲೆ ಸರಿ ಹೋಗುತ್ತದೆ ಅನ್ನುವುದಂತೂ ನಿಮ್ಮನ್ನು ಸಾಗಹಾಕುವ ಮಾತು. ಹೊಸ ಇಂಜಿನ್ ಸ್ವಲ್ಪ ಬಿಗಿ ಇರುತ್ತದೆ ನಿಜ, ಒಂದೆರಡು ಸಾವಿರ ಕಿ.ಮೀ. ಓಡಿದ ಮೇಲೆ ಚೂರು ಸುಧಾರಿಸಬಹುದು, ಆದರೆ 11 ಹೋಗಿ 20 ಆಗುವುದಿಲ್ಲ.

ಈಗ ನಿಮ್ಮ ಒಂದು ದಿನದ ಲೆಕ್ಕ. 11ರ ಪ್ರಕಾರ 36 ಕಿ.ಮೀ.ಗೆ 3.3 ಲೀಟರ್ ಹೋಗುತ್ತದೆ. ಎರಡೂವರೆ ಗಂಟೆಯಲ್ಲಿ ಒಂದು ಗಂಟೆ ನಿಂತೇ ಇರುತ್ತೀರಿ ಅಂತ ಇಟ್ಟುಕೊಳ್ಳಿ. ಎ.ಸಿ. ಹಾಕಿಕೊಂಡು ನಿಂತಿರುವ ಇಂಥ ಇಂಜಿನ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಅದನ್ನು ಕಳೆದರೆ ಓಡಿದ್ದಕ್ಕೆ ಖರ್ಚಾಗಿದ್ದು ಸುಮಾರು ಎರಡೂವರೆ ಲೀಟರ್, ಅಂದರೆ ಲೀಟರಿಗೆ 14-15. ಅದೂ ಮೊದಲನೇ, ಎರಡನೇ ಗೇರಿನಲ್ಲಿ ತೆವಳಿಕೊಂಡು. ಕಾರು ಅಷ್ಟೇನೂ ಕೆಟ್ಟದಾಗಿ ಕೆಲಸ ಮಾಡುತ್ತಿಲ್ಲ, ಅಲ್ವಾ?

ಜೊತೆಗೆ ಪೆಟ್ರೋಲ್‌ನಲ್ಲಿ ಈಗ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲ್‌ನಲ್ಲಿ ಲೀಟರಿಗೆ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಬರೀ ಪೆಟ್ರೋಲ್‌ಗೆ ಹೋಲಿಸಿದರೆ ಒಟ್ಟು ಶಕ್ತಿ 6-7 ಪರ್ಸೆಂಟ್ ಅಲ್ಲೇ ಇಳಿಯಿತು. ಮಾವನವರ ಡೀಸೆಲ್ ಗಾಡಿಗೆ ಈ ತಾಪತ್ರಯ ಇಲ್ಲ, ಹಾಸನದಲ್ಲಿ ಮಾರತಹಳ್ಳಿಯೂ ಇಲ್ಲ.

ಹಾಗಂತ ಗಾಡಿಯಲ್ಲಿ ದೋಷವೇ ಇಲ್ಲ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮೊದಲು ಅಳೆಯುವ ರೀತಿ ಬದಲಾಯಿಸಿ. ಸಾವಿರ ರೂಪಾಯಿಗೆ ಹಾಕಿಸಿ, ಪೆಟ್ರೋಲ್ ಮೀಟರಿನ ಕಡ್ಡಿ ಇಳಿಯುವುದನ್ನು ನೋಡಿ ಹಾಕುವ ಲೆಕ್ಕ ಒಂದೆರಡು ಲೀಟರ್ ಆಚೀಚೆ ಆಗಿಬಿಡುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಗನ್ ತಾನಾಗಿ ಕಟ್ ಆದ ತಕ್ಷಣ ನಿಲ್ಲಿಸಿ, ಹುಡುಗ ಮತ್ತೆ ಒತ್ತುವುದು ಬೇಡ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಸುಮಾರು 300 ಕಿ.ಮೀ. ಆದ ಮೇಲೆ ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿಸಿದ ಲೀಟರಿನಿಂದ ಭಾಗಿಸಿ. ಮೂರು ಸಲ ಹೀಗೆ ಮಾಡಿ. ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ, ಸಾಮಾನ್ಯವಾಗಿ ಅದು ಸ್ವಲ್ಪ ಜಾಸ್ತಿಯೇ ಹೇಳುತ್ತದೆ.

ಆಮೇಲೆ ಒಂದು ಭಾನುವಾರ ಬೆಳಗ್ಗೆ 6ಕ್ಕೆ ಟೈರಿನ ಗಾಳಿ ನೋಡಿಸಿಕೊಂಡು ಮೈಸೂರು ರಸ್ತೆ ಹಿಡಿಯಿರಿ. ಎಷ್ಟು ಗಾಳಿ ಇರಬೇಕು ಅನ್ನುವುದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿದೆ. ಎ.ಸಿ. ಹಾಕಿಕೊಂಡೇ 80-90ರಲ್ಲಿ ಹೋಗಿ, ಮದ್ದೂರಿಗೆ ಇಳಿದು ವಡೆ ತಿಂದು ವಾಪಸ್ ಬನ್ನಿ. 17-18 ಬಂದರೆ ಗಾಡಿ ಸರಿಯಾಗಿದೆ. ಅಲ್ಲೂ 12-13 ಅಂದರೆ ಎಲ್ಲೋ ತೊಂದರೆ ಇದೆ.

ನಾನು ಮೊದಲು ಅನುಮಾನ ಪಡುವುದು ಬ್ರೇಕ್ ಮೇಲೆ. ಗಾಡಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ ಮಾತ್ರ. ಎಡ-ಬಲದ ಜೋಡಿ ಚಕ್ರಗಳಲ್ಲಿ ಒಂದು ಮಾತ್ರ ಜಾಸ್ತಿ ಬಿಸಿ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ಅಲೈನ್‌ಮೆಂಟನ್ನು ಅದರದೇ ಯಂತ್ರದಲ್ಲಿ, ಥರ್ಮೋಸ್ಟಾಟ್ (ಇಂಜಿನ್ನಿನ ಬಿಸಿ ಹದದಲ್ಲಿಡುವ ಭಾಗ), ಸೆನ್ಸರ್ ಇವನ್ನು ಸ್ಕ್ಯಾನರ್ ಹಾಕಿ ಸರ್ವಿಸ್ ಸೆಂಟರ್‌ನವರು ನೋಡಬೇಕು. ಗಾಡಿ ಇನ್ನೂ ವಾರಂಟಿಯಲ್ಲಿ ಇದೆ, ಸಂಕೋಚ ಬೇಡ. "ಮೈಲೇಜ್ ಕಡಿಮೆ" ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಲೇಬೇಕು. ಬಾಯಿಮಾತಿನ ದೂರು ದೂರೇ ಅಲ್ಲ.

ವಾಪಸ್ ಕೊಡುವ ವಿಷಯ: ಟ್ರಾಫಿಕ್‌ನಲ್ಲಿ 11 ಬರುತ್ತಿದೆ ಅನ್ನುವುದಷ್ಟೇ ಕಾರಣವಾದರೆ ಕಷ್ಟ, ಬ್ರೋಷರ್‌ನ ಸಣ್ಣ ಅಕ್ಷರದಲ್ಲೇ "ಪರೀಕ್ಷಾ ಪರಿಸ್ಥಿತಿಯಲ್ಲಿ" ಅಂತ ಬರೆದು ಅವರು ಬಚಾವಾಗಿರುತ್ತಾರೆ. ಹೈವೇಯಲ್ಲೂ ಕಡಿಮೆ ಬಂದು, ಎರಡು ಮೂರು ಸಲ ಬಿಟ್ಟರೂ ಅವರು ಸರಿಮಾಡದೆ ಹೋದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ. ಬಂಕ್ ಬಿಲ್, ಓಡೋಮೀಟರ್ ಫೋಟೋ, ಜಾಬ್ ಕಾರ್ಡ್ ಇವತ್ತಿನಿಂದಲೇ ಒಂದು ಕವರ್‌ನಲ್ಲಿ ಹಾಕಿಡಿ.